ಹುಡುಗಿಯರ ಆರೋಗ್ಯ ಗುಂಪಿಗೆ ಮಗಳನ್ನು ಕಳಿಸಬಹುದಾ? ಒಬ್ಬ ತಾಯಿಯ ಅನಿಸಿಕೆ

ನಾವಿರುವ ಕಡೆ ಒಂದು ಸಂಸ್ಥೆಯವರು ವಾರಕ್ಕೊಮ್ಮೆ ಹುಡುಗಿಯರ ಗುಂಪು ನಡೆಸುತ್ತಾರೆ. ಮುಟ್ಟು, ಮೈಯಲ್ಲಾಗುವ ಬದಲಾವಣೆ, ಲೈಂಗಿಕ ಆರೋಗ್ಯ, ಗರ್ಭ, ಸೋಂಕು, ಬೇಡ ಅನ್ನಿಸಿದಾಗ ಬೇಡ ಅನ್ನುವುದು, ಎಲ್ಲದರ ಬಗ್ಗೆಯೂ ಅಲ್ಲಿ ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ. ನನ್ನ ಮಗಳು ಹೋಗುತ್ತಿದ್ದಾಳೆ. ತಾಯಂದಿರ ಸಭೆಗೆ ನಾನೂ ಹೋಗುತ್ತೇನೆ. ಅಕ್ಕಪಕ್ಕದವರು "ಹೇಗಿದೆ, ಕಳಿಸಬಹುದಾ?" ಅಂತ ಕೇಳುತ್ತಲೇ ಇರುತ್ತಾರೆ. ಕಳಿಸಿ ಅನ್ನುವುದೇ ನನ್ನ ಉತ್ತರ. ಗುಂಪು ಚೆನ್ನಾಗಿದೆ. ಆದರೆ ಗುಂಪಿನಿಂದ ಆಸ್ಪತ್ರೆಗೆ ಹೋಗುವ ದಾರಿ ಇನ್ನೂ ಸರಿಯಾಗಿಲ್ಲ.

ಮೊದಲಿಗೆ ನನಗೆ ಇಷ್ಟವಾಗಿದ್ದು ಜಾಗ. ಮನೆಯಿಂದ ನಡೆದೇ ಹೋಗುವಷ್ಟು ದೂರ. ಒಂದೇ ಕೋಣೆಯ ಮನೆಯಲ್ಲಿ ಅಪ್ಪ, ಅಣ್ಣ, ಅಜ್ಜಿ ಎಲ್ಲರೂ ಇರುತ್ತಾರೆ. ಹುಡುಗಿ ಇಂಥ ಮಾತು ಯಾರ ಹತ್ತಿರ ಆಡಬೇಕು, ಯಾವಾಗ ಆಡಬೇಕು? ಅಲ್ಲಿ ಹೋದರೆ ಬಾಗಿಲು ಹಾಕುತ್ತಾರೆ, ಕಿಟಕಿಗೆ ಪರದೆ ಎಳೆಯುತ್ತಾರೆ. 10ರಿಂದ 14 ವರ್ಷದವರಿಗೆ ಒಂದು ಗುಂಪು, 15ರಿಂದ 19ರವರಿಗೆ ಇನ್ನೊಂದು. ಇದು ತುಂಬಾ ಮುಖ್ಯ. ಹತ್ತು ವರ್ಷದ ಮಗುವಿನ ಪ್ರಶ್ನೆಯೇ ಬೇರೆ, ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಯ ಪ್ರಶ್ನೆಯೇ ಬೇರೆ.

ಗುಂಪು ನಡೆಸುವ ಹುಡುಗಿ ಇದೇ ಬೀದಿಗಳಲ್ಲಿ ಬೆಳೆದವಳು. ತರಬೇತಿ ಪಡೆದು ಬಂದಿದ್ದಾಳೆ. ಮೊದಲ ದಿನವೇ ನಿಯಮ ಹೇಳುತ್ತಾಳೆ: ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಆದರೆ ಯಾರಾದರೂ ಅಪಾಯದಲ್ಲಿದ್ದಾರೆ ಅಂತ ಗೊತ್ತಾದರೆ ಅದನ್ನು ಗುಟ್ಟಾಗಿ ಇಡಲು ಆಗುವುದಿಲ್ಲ. ಯಾರಿಗೆ ಹೇಳುತ್ತೇವೆ ಅನ್ನುವುದನ್ನು ಮೊದಲು ನಿಮಗೇ ತಿಳಿಸುತ್ತೇವೆ. ಈ ಎರಡನೇ ಮಾತನ್ನು ಮುಂಚೆಯೇ ಹೇಳುವುದು ನನಗೆ ಬಹಳ ಹಿಡಿಸಿತು. ಯಾರಿಗೂ ಹೇಳಲ್ಲ ಅಂತ ಸುಮ್ನೆ ಮಾತು ಕೊಟ್ಟು ಆಮೇಲೆ ಹೇಳಿಬಿಟ್ಟರೆ ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ.

ಪ್ರಶ್ನೆ ಕೇಳುವ ರೀತಿ ನೋಡಿ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ಸಿಲ್. ಪ್ರಶ್ನೆ ಇಲ್ಲದವರೂ ಚೀಟಿಯಲ್ಲಿ ಏನಾದರೂ ಗೀಚಿ, ಮಡಚಿ ಡಬ್ಬಿಗೆ ಹಾಕಲೇಬೇಕು. ಹಾಗಾಗಿ ಪ್ರಶ್ನೆ ಬರೆದವರು ಯಾರು ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಆ ಡಬ್ಬಿಯಿಂದ ಬರುವ ಪ್ರಶ್ನೆಗಳ ಬಗ್ಗೆ ತಾಯಂದಿರ ಸಭೆಯಲ್ಲಿ ಹೇಳುತ್ತಾರೆ, ಹೆಸರಿಲ್ಲದೆ. ಒಬ್ಬಳಿಗೆ ಬಿಳಿ ಸೆರಗು ಹೋದರೆ ಮೈ ಸೊರಗುತ್ತದೆ ಅನ್ನುವ ಭಯ. ಇನ್ನೊಬ್ಬಳಿಗೆ ಮುತ್ತು ಕೊಟ್ಟರೆ ಬಸಿರಾಗುತ್ತದಾ ಅನ್ನುವ ಅನುಮಾನ. ಮತ್ತೊಬ್ಬಳು ಬರೆದಿದ್ದಳಂತೆ, "ನನಗೆ ಇಷ್ಟ ಇಲ್ಲದೆ ಒಬ್ಬರು ಮುಟ್ಟುತ್ತಾರೆ, ಅವರು ನಮ್ಮವರೇ." ಅದನ್ನು ಕೇಳಿ ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಪ್ರಶ್ನೆಗೆ ಎಲ್ಲರ ಮುಂದೆಯೇ ಉತ್ತರ ಹೇಳಿದರಂತೆ: ತಪ್ಪು ನಿನ್ನದಲ್ಲ, ಯಾವ ಹೊತ್ತಿಗಾದರೂ ಬಂದು ಹೇಳು. ಬರೆದವಳು ಆಮೇಲೆ ತಾನಾಗಿಯೇ ಬಂದು ಹೇಳಿಕೊಂಡಳಂತೆ. ಅವಳಿಗೆ ಸಹಾಯವೂ ಸಿಕ್ಕಿದೆ.

ಹೇಳಿಕೊಡುವ ವಿಷಯ ಗಟ್ಟಿಯಾಗಿದೆ. ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ 21ರಿಂದ 45 ದಿನದ ಅಂತರದಲ್ಲಿ ಬಂದರೆ ಗಾಬರಿಯಾಗಬೇಕಿಲ್ಲ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿಸಿ ತೋರಿಸುತ್ತಾರೆ. ಬಟ್ಟೆ ಬಳಸುವವರಿಗೆ ಬೈಯುವುದಿಲ್ಲ. ಸೋಪು ಹಾಕಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಅನ್ನುತ್ತಾರೆ. ನಾಚಿಕೆಯಿಂದ ಬೇರೆ ಬಟ್ಟೆಯ ಅಡಿಯಲ್ಲಿ ಒಣಹಾಕಿದರೆ ತೇವ ಉಳಿಯುತ್ತದೆ ಅಂತ ಬಿಡಿಸಿ ಹೇಳುತ್ತಾರೆ. ದೊಡ್ಡ ಹುಡುಗಿಯರ ಗುಂಪಿನಲ್ಲಿ ಕಾಂಡೋಮ್ ಗರ್ಭವನ್ನೂ ತಡೆಯುತ್ತದೆ, ಸೋಂಕನ್ನೂ ತಡೆಯುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ತುರ್ತು ಗರ್ಭನಿರೋಧಕ ಮಾತ್ರೆಯನ್ನು 5 ದಿನದೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು, ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ ಅನ್ನುವುದೂ ಅಲ್ಲಿ ಬರುತ್ತದೆ. ಎಚ್‌ಪಿವಿ ಅನ್ನುವ ವೈರಸ್ ತಡೆಯುವ ಲಸಿಕೆಯ ಬಗ್ಗೆ ನನಗೆ ಗೊತ್ತಾಗಿದ್ದೇ ತಾಯಂದಿರ ಸಭೆಯಲ್ಲಿ. ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚುಕಮ್ಮಿ ಎಲ್ಲವೂ ಈ ವೈರಸ್‌ನಿಂದಲೇ ಬರುತ್ತದಂತೆ. 9ರಿಂದ 14 ವರ್ಷದೊಳಗೆ ಲಸಿಕೆ ಹಾಕಿಸಿದರೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಈ ವಯಸ್ಸಿನವರಿಗೆ ಒಂದೇ ಡೋಸ್ ಕೊಟ್ಟರೂ ಆಗುತ್ತದೆ ಅಂತ ಹೇಳಿದೆ.

"ಇದೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ" ಅನ್ನುವವರು ಇದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಯುನೆಸ್ಕೊ 2018ರ ಮಾರ್ಗಸೂಚಿಯಲ್ಲಿ ಹಲವು ದೇಶಗಳ ಅಧ್ಯಯನ ಒಟ್ಟಿಗೆ ನೋಡಿ ಹೇಳಿದ್ದು ಬೇರೆಯೇ. ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಸಂಬಂಧಕ್ಕೆ ಇಳಿಯುವುದಿಲ್ಲ. 15ರಿಂದ 19 ವರ್ಷದ ಹುಡುಗಿಯರ ಸಾವಿಗೆ ಜಗತ್ತಿನಲ್ಲಿ ಮುಖ್ಯ ಕಾರಣಗಳಲ್ಲಿ ಗರ್ಭ ಮತ್ತು ಹೆರಿಗೆಯ ತೊಂದರೆಯೂ ಒಂದು. ಹೇಳಿಕೊಡದೇ ಇರುವುದರಲ್ಲಿ ಅಪಾಯ ಜಾಸ್ತಿ ಅಲ್ವಾ?

ಇನ್ನೊಂದು ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹುಡುಗಿಯರ ಕೈಯಲ್ಲೇ ಬಡಾವಣೆಯ ನಕ್ಷೆ ಬರೆಸಿದರು. ಎಲ್ಲಿ ಓಡಾಡಲು ಭಯವಾಗುತ್ತದೋ ಅಲ್ಲಿ ಕೆಂಪು ಬಣ್ಣ. ಎಲ್ಲಕ್ಕಿಂತ ದಟ್ಟವಾಗಿ ಕೆಂಪಾಗಿದ್ದು ಸಾರ್ವಜನಿಕ ಶೌಚಾಲಯಕ್ಕೆ ಹೋಗುವ ದಾರಿ. ದೀಪವಿಲ್ಲ, ಒಳಗೆ ಚಿಲಕ ಮುರಿದಿದೆ, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಇಲ್ಲ. ಕತ್ತಲಾದ ಮೇಲೆ ಹೋಗಬೇಕಾಗುತ್ತದೆ ಅಂತ ಕೆಲವರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ನಕ್ಷೆ ಹಿಡಿದುಕೊಂಡು ನಾವು ತಾಯಂದಿರು ಹೋಗಿ ಮಾತಾಡಿದ ಮೇಲೆ ದೀಪ ಬಂತು, ಚಿಲಕ ಬಂತು. ಬುಟ್ಟಿ ಇನ್ನೂ ಬಂದಿಲ್ಲ.

ಈಗ ಕೊರತೆಯ ಮಾತು. ಏಳು ದಿನ ದಾಟಿ ಮುಟ್ಟು ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು ಅಂತ ಗುಂಪಿನಲ್ಲಿ ಹೇಳಿದ್ದರು. ನನ್ನ ಮಗಳಿಗೆ ಏಳು ದಿನ ದಾಟುತ್ತಿತ್ತು. ಅವರೇ ಚೀಟಿ ಬರೆದುಕೊಟ್ಟರು, ಆಸ್ಪತ್ರೆಗೆ ಹೋದೆವು. ಚೀಟಿ ಮಾಡಿಸುವ ಕಿಟಕಿಯಲ್ಲಿ ಕೂತವರು ಸಾಲಿನಲ್ಲಿದ್ದ ಎಲ್ಲರಿಗೂ ಕೇಳಿಸುವಂತೆ "ಏನು ತೊಂದರೆ? ಮದುವೆ ಆಗಿದೆಯಾ?" ಅಂದರು. ಮಗಳು ನನ್ನ ಕೈ ಬಿಟ್ಟು ಗೇಟಿನ ಕಡೆ ಹೊರಟೇಬಿಟ್ಟಳು. ಸಮಾಧಾನ ಮಾಡಿ ಕರೆತಂದೆ. ಒಳಗೆ ಡಾಕ್ಟರ್ ಒಳ್ಳೆಯವರು, ರಕ್ತ ಪರೀಕ್ಷೆ ಮಾಡಿಸಿದರು, ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಈಗ ಹುಷಾರಾಗಿದ್ದಾಳೆ. ಆದರೆ ತಾಯಿ ಜೊತೆಗಿಲ್ಲದೆ ಬಂದ ಹುಡುಗಿ ಆ ಕಿಟಕಿಯಿಂದಲೇ ವಾಪಸ್ ಹೋಗುತ್ತಾಳೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾದಂಥ ಸೋಂಕು ಎಷ್ಟೋ ಹುಡುಗಿಯರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಬಿಟ್ಟರೆ ಮುಂದೆ ಮಕ್ಕಳಾಗುವುದಕ್ಕೇ ತೊಂದರೆ. ಪರೀಕ್ಷೆಗೆ ಬಾ ಅಂತ ಗುಂಪಿನಲ್ಲಿ ಹೇಳಿ ಕಿಟಕಿಯಲ್ಲಿ ಮಾನ ಕಳೆದರೆ ಯಾರು ಬರುತ್ತಾರೆ?

ಸಮಯದ್ದೂ ತಕರಾರಿದೆ. ಗುಂಪು ಸೇರುವುದು ದಿನದ ಶಾಲೆ ಮುಗಿದ ಮೇಲೆ. ಓದು ನಿಲ್ಲಿಸಿ ಮನೆಗೆಲಸಕ್ಕೋ ಹೊಲಿಗೆಗೋ ಹೋಗುವ ಹುಡುಗಿಯರು ಆ ಹೊತ್ತಿಗೆ ಕೆಲಸದಲ್ಲೇ ಇರುತ್ತಾರೆ. ಇದರ ಅಗತ್ಯ ಹೆಚ್ಚಾಗಿ ಇರುವುದು ಅವರಿಗೇ. ಹುಡುಗರ ಜೊತೆ ಕೂಡ ಯಾರೋ ಕೂತು ಮಾತಾಡಬೇಕು. ದಾರಿಯಲ್ಲಿ ಅಡ್ಡ ನಿಲ್ಲುವವರು ಅವರು, ಪಾಠ ಮಾತ್ರ ಇವರಿಗೆ.

ಸೇರಿಸುವ ಮುಂಚೆ ತಾಯಂದಿರ ಸಭೆಗೆ ಬನ್ನಿ, ಏನು ಹೇಳಿಕೊಡುತ್ತಾರೆ ಅಂತ ನೀವೇ ಕೇಳಿ. ಮನೆಗೆ ಬಂದ ಮಗಳನ್ನು "ಇವತ್ತು ಯಾರು ಏನು ಕೇಳಿದರು?" ಅಂತ ಮಾತ್ರ ಕೇಳಬೇಡಿ. ಸಂಸ್ಥೆಯವರಿಗೆ ನಾವು ಕೆಲವರು ಸೇರಿ ಎರಡು ಬೇಡಿಕೆ ಕೊಟ್ಟಿದ್ದೇವೆ: ಕೆಲಸಕ್ಕೆ ಹೋಗುವ ಹುಡುಗಿಯರಿಗೆ ರಜೆಯ ದಿನ ಇನ್ನೊಂದು ಗುಂಪು, ಮತ್ತು ಆಸ್ಪತ್ರೆಗೆ ಹೋಗುವಾಗ ಜೊತೆಗೆ ಅವರ ಕಡೆಯ ಒಬ್ಬರು. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ ಜನ ಸಾಲದು ಅನ್ನುತ್ತಿದ್ದಾರೆ. ವಾರದಲ್ಲಿ ಅರ್ಧ ದಿನ ಬಿಡುವಿರುವ ತಾಯಂದಿರು ಮುಂದೆ ಬಂದರೆ ತರಬೇತಿ ಕೊಡುತ್ತಾರಂತೆ. ನಾನು ಹೆಸರು ಕೊಟ್ಟಿದ್ದೇನೆ.