ತೇಡೆ ಚುಚ್ಚಿದರೆ ಐಸಾ, ಸುಣ್ಣವಾ, ಬಿಸಿನೀರಾ?

ಗಾಳ ಹಾಕುವ ಹುಚ್ಚು ಹಿಡಿದು ಹದಿನೈದು ವರ್ಷ ಆಯಿತು. ಇಷ್ಟರಲ್ಲಿ ತೇಡೆ ಮೀನು, ಅಂದರೆ ಕಡಲಿನ ಕ್ಯಾಟ್‌ಫಿಶ್, ನನಗೆ ಮೂರು ಸಲ ಚುಚ್ಚಿದೆ. ಮೂರು ಸಲವೂ ಬೇರೆ ಬೇರೆ ಮದ್ದು ಮಾಡಿದ್ದೇನೆ. ಬೇಕಂತಲೇ ಪರೀಕ್ಷೆ ಮಾಡಿದ್ದಲ್ಲ, ಆ ಹೊತ್ತಿಗೆ ಪಕ್ಕದಲ್ಲಿದ್ದವರು ಹೇಳಿದ್ದನ್ನು ಮಾಡಿದೆ ಅಷ್ಟೇ. ನೋವಿನಲ್ಲಿ ಇರುವವನಿಗೆ ತಲೆ ಓಡುವುದಿಲ್ಲ ಅಲ್ವಾ.

ತೇಡೆಗೆ ಬೆನ್ನಿನ ಮೇಲೆ ಒಂದು, ಎರಡೂ ಪಕ್ಕದಲ್ಲಿ ಒಂದೊಂದು ಮುಳ್ಳು. ಹೆದರಿದರೆ ಮೂರನ್ನೂ ಸೆಟೆದು ನಿಲ್ಲಿಸುತ್ತದೆ, ಆಮೇಲೆ ಮಡಚಲು ಬರುವುದಿಲ್ಲ. ಅಂಚು ಗರಗಸದ ಹಾಗೆ. ಹಾವಿನ ಹಲ್ಲಿನಂತೆ ಇದರೊಳಗೆ ಕೊಳವೆ ಇಲ್ಲ. ವಿಷದ ಕೋಶಗಳು ಇರುವುದು ಮುಳ್ಳನ್ನು ಮುಚ್ಚಿದ ತೆಳು ಚರ್ಮದಲ್ಲಿ. ಮುಳ್ಳು ಹೊಕ್ಕಾಗ ಆ ಚರ್ಮ ಹರಿದು, ಕೋಶ ಒಡೆದು, ವಿಷ ಗಾಯಕ್ಕೆ ಇಳಿಯುತ್ತದೆ. ಸತ್ತ ತೇಡೆಯೂ ಚುಚ್ಚಿ ಉರಿಸುವುದು ಇದಕ್ಕೇ.

ಮೊದಲ ಸಲ ದೋಣಿಯಲ್ಲಿ, ಹೆಬ್ಬೆರಳ ಬುಡಕ್ಕೆ. "ಐಸ್ ಇಡು ಮಾರಾಯ, ಈಗ ಕಡಿಮೆ ಆಗ್ತದೆ" ಅಂದರು. ದೋಣಿಯಲ್ಲಿ ಐಸಿಗೆ ಬರವಿಲ್ಲ. ಐದು ನಿಮಿಷ ಮರಗಟ್ಟಿ ಹಾಯೆನಿಸಿತು. ತೆಗೆದ ಕೂಡಲೇ ಮೊಣಕೈ ತನಕ ಬಡಿತ. ಗಾಯದ ಸುತ್ತ ಚರ್ಮ ಮೊದಲೇ ಬಿಳುಚಿಕೊಂಡಿತ್ತು. ಅದು ತೇಡೆ ವಿಷದ ಗುಣ, ರಕ್ತನಾಳವನ್ನು ಬಿಗಿ ಹಿಡಿಯುತ್ತದೆ. ನಾನು ಅದರ ಮೇಲೆ ಐಸಿಟ್ಟು ಇನ್ನಷ್ಟು ಬಿಗಿ ಮಾಡಿದೆ. ಇನ್ನೊಂದು ತಮಾಷೆ ನೋಡಿ: ಮೀನಿನ ವಿಷ ಕೆಡದಿರಲಿ ಅಂತ ಲ್ಯಾಬಿನವರು ಮಾಡುವುದೂ ಇದನ್ನೇ, ತಣ್ಣಗೆ ಇಡುವುದು.

ಎರಡನೇ ಸಲ ಅಡುಗೆಮನೆಯಲ್ಲಿ, ಮೀನು ಕೊಯ್ಯುವಾಗ. ಪಕ್ಕದ ಮನೆಯ ಅಜ್ಜಿ ಸುಣ್ಣ-ಅರಿಶಿನ ಕಲಸಿ ಹಚ್ಚಿದರು. ಸುಣ್ಣದ ಕ್ಷಾರ ಪ್ರೋಟೀನನ್ನು ಕೆಡಿಸಬಲ್ಲದು, ಸುಳ್ಳಲ್ಲ. ಆದರೆ ಅದು ಕೂತಿದ್ದು ಚರ್ಮದ ಮೇಲೆ, ವಿಷ ಇದ್ದಿದ್ದು ಒಳಗೆ. ಸಂಜೆಗೆ ಚುಚ್ಚಿದ ನೋವಿನ ಜೊತೆ ಸುಣ್ಣ ಸುಟ್ಟ ಉರಿ ಬೇರೆ. ಪಪ್ಪಾಯಿ ಹಾಲಿನ ಕಥೆಯೂ ಹೀಗೇ. ವಿನೆಗರ್ ಕೆಲವು ಅಂಬಲಿ ಮೀನುಗಳ (ಜೆಲ್ಲಿಫಿಶ್) ಕುಟುಕಿಗೆ ಸರಿ, ತೇಡೆಗೆ ಸುಮ್ನೆ ವ್ಯರ್ಥ.

ಮೂರನೇ ಸಲ ಅಮ್ಮ ಇದ್ದಳು. ಹಂಡೆಯಿಂದ ಬಕೆಟಿಗೆ ನೀರು ತೋಡಿ, ಮಗುವಿಗೆ ಮೀಯಿಸುವಾಗ ನೋಡುವ ಹಾಗೆ ತನ್ನ ಮೊಣಕೈ ಅದ್ದಿ ನೋಡಿದಳು. ಇದು ಮುಖ್ಯ. ಚುಚ್ಚಿಸಿಕೊಂಡ ಕೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಬೆಂದೇ ಹೋಗಬಹುದು. 45 ಡಿಗ್ರಿ ದಾಟಬಾರದು. ಕೈ ಅದ್ದಿ ಹತ್ತು ನಿಮಿಷಕ್ಕೆ ನೋವು ಅರ್ಧಕ್ಕಿಳಿಯಿತು. ಐಸು, ಸುಣ್ಣ ಎರಡೂ ಇದರ ಹತ್ತಿರಕ್ಕೂ ಬರುವುದಿಲ್ಲ.

ಯಾಕೆ ಅಂದರೆ ಎಲ್ಲರೂ ಕೊಡುವ ಉತ್ತರ ಒಂದೇ: ಮೀನಿನ ವಿಷ ಪ್ರೋಟೀನು, ಬಿಸಿಗೆ ಕೆಡುತ್ತದೆ. ಚೆನ್ನಾಗಿ ಗೊತ್ತಿರುವ ಉದಾಹರಣೆ ಸ್ಟೋನ್‌ಫಿಶ್, ಕಲ್ಲಿನ ಹಾಗೆ ಕಾಣುವ ವಿಷಮುಳ್ಳಿನ ಕಡಲ ಮೀನು. ಅದರ ವಿಷದಲ್ಲಿ ಸ್ಟೋನಸ್‌ಟಾಕ್ಸಿನ್ ಅನ್ನುವ ದೊಡ್ಡ ಪ್ರೋಟೀನಿದೆ. ಆಲ್ಫಾ, ಬೀಟಾ ಅಂತ ಎರಡು ತುಂಡು ಸೇರಿ ಆದದ್ದು. ಜೀವಕೋಶದ ಪೊರೆಗೆ ತೂತು ಕೊರೆಯುವುದು ಇದರ ಕೆಲಸ. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು 2015ರಲ್ಲಿ ಇದರ ಆಕಾರ ಬಿಡಿಸಿ ತೋರಿಸಿದರು. ನಮ್ಮದೇ ರೋಗನಿರೋಧಕ ಕೋಶಗಳು ಬಳಸುವ ಪರ್ಫೋರಿನ್‌ಗೆ ಅದು ದೂರದ ನೆಂಟ! ಇಂಥ ಪ್ರೋಟೀನಿನ ಬಲ ಇರುವುದು ಅದರ ಮಡಿಕೆಯಲ್ಲಿ. ಬಿಸಿಗೆ ಮಡಿಕೆ ಬಿಚ್ಚಿತು ಅಂದರೆ ತೂತು ಕೊರೆಯಲು ಆಗುವುದಿಲ್ಲ. ತೇಡೆಯ ಪ್ರೋಟೀನು ಬೇರೆ, ಆದರೂ ಬಿಸಿಗೆ ಸೋಲುವ ಗುಣ ಅದಕ್ಕೂ ಇದೆ. ತೇಡೆ ಗಸಿ ಉಂಡು ನಾವು ಆರಾಮಾಗಿ ಇರುವುದು ಸುಮ್ನೆ ಅಲ್ಲ. ಪಫರ್ ಮೀನಿನ ವಿಷ ಪ್ರೋಟೀನಲ್ಲ, ಚಿಕ್ಕ ಅಣು. ಅದು ಕುದಿಸಿದರೂ ಹೋಗುವುದಿಲ್ಲ.

ಆದರೆ ನನ್ನ ಕೈ ಹೇಳಿದ್ದು ಪೂರ್ತಿ ಹಾಗಲ್ಲ. ಇಪ್ಪತ್ತು ನಿಮಿಷಕ್ಕೆ ನೋವು ಹೋಯಿತು ಅಂತ ಕೈ ತೆಗೆದೆ. ಎರಡೇ ನಿಮಿಷ, ಮತ್ತೆ ಶುರು. ಅದ್ದಿದೆ, ಹೋಯಿತು. ತೆಗೆದೆ, ಬಂತು. ವಿಷ ಬೆಂದು ಹೋಗಿದ್ದರೆ ಹೀಗೆ ತಿರುಗಿ ಬರಬೇಕಾ? ಸ್ಟೋನ್‌ಫಿಶ್ ವಿಷ ಬೇಗ ಕೆಡುವುದು 50 ಡಿಗ್ರಿ ಆಸುಪಾಸಿನಲ್ಲಿ. ಬಕೆಟಿನ ನೀರೇ 45, ಅದೂ ಚರ್ಮದ ಮೇಲೆ. ಆಳಕ್ಕೆ ಹೋದಷ್ಟೂ ಬಿಸಿ ಕಡಿಮೆ, ಹರಿಯುವ ರಕ್ತ ಅದನ್ನು ಹೊತ್ತೊಯ್ಯುತ್ತದೆ. ಬಿಸಿಯ ಸುದ್ದಿ ನರದಲ್ಲಿ ಹೋಗಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ ಅನ್ನುವ ಇನ್ನೊಂದು ವಾದ ವೈದ್ಯರಲ್ಲೇ ಇದೆ. ನನ್ನ ಓಟು ಅದಕ್ಕೆ ಜಾಸ್ತಿ. ಬಿಗಿದ ರಕ್ತನಾಳ ಸಡಿಲ ಆಗುವುದೂ ಸೇರಿರಬಹುದು. ಅಂತೂ ಕೈಯನ್ನು ಹೆಚ್ಚುಕಡಿಮೆ ಒಂದೂವರೆ ಗಂಟೆ ಅದ್ದಿದ ಮೇಲೆಯೇ ನೋವು ನಿಂತಿದ್ದು. ಅಮ್ಮ ನಡುನಡುವೆ ನನ್ನ ಕೈ ಹೊರಗೆ ತೆಗೆಸಿ, ಬಿಸಿನೀರು ಸೇರಿಸಿ, ಮತ್ತೆ ಮೊಣಕೈ ಅದ್ದಿ ನೋಡುತ್ತಿದ್ದಳು.

ಒಳಗೆ ಮುಳ್ಳಿನ ಚೂರು ಉಳಿದರೆ ಯಾವ ನೀರೂ ಕೆಲಸಕ್ಕೆ ಬಾರದು. ನನ್ನ ಎರಡನೇ ಗಾಯ ಕೀವು ಕಟ್ಟಿದ್ದು ಹಾಗೇ, ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು. ಟಿಟಿ ಇಂಜೆಕ್ಷನ್ ಬಿಡಬೇಡಿ. ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನು (ಸ್ಟಿಂಗ್‌ರೇ) ಎದೆಗೋ ಹೊಟ್ಟೆಗೋ ಹೊಡೆದರೆ ಬಕೆಟ್ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆ. 2006ರಲ್ಲಿ ಆಸ್ಟ್ರೇಲಿಯಾದ ಟಿವಿಯ ಮೊಸಳೆ ಸಾಹಸಿ ಸ್ಟೀವ್ ಇರ್ವಿನ್ ಸತ್ತಿದ್ದು ತೊರಕೆಯ ಮುಳ್ಳು ಎದೆಗೆ ನಾಟಿ.

ಈಗ ಗಾಳದ ಚೀಲದಲ್ಲಿ ಒಂದು ದೊಡ್ಡ ಫ್ಲಾಸ್ಕ್ ಬಿಸಿನೀರು ಇರುತ್ತದೆ. ಚಹಾಕ್ಕೆ ಕೇಳಿದರೆ ಕೊಡುವುದಿಲ್ಲ.