ದೊಡ್ಡ ನಂಬರ್ ಒಳ್ಳೇದು ಅಂತ ಲಾರಿ ಗೇರ್‌ಬಾಕ್ಸ್‌ಗೆ ಜಿಎಲ್-5 ಸುರಿಸಬೇಡಿ

ಲಾರಿ ಇಟ್ಟುಕೊಂಡವರು ದಯವಿಟ್ಟು ಓದಿ. ಗೇರ್‌ಬಾಕ್ಸ್ ಆಯಿಲ್ ಬದಲಿಸುವಾಗ "ದಪ್ಪ 80ಡಬ್ಲ್ಯೂ-90 ಇದ್ದರೆ ಸಾಕು, ಉಳಿದದ್ದೆಲ್ಲ ಕಂಪನಿಯವರ ಮಾತು" ಅಂತ ಯಾರಾದರೂ ಹೇಳಿದರೆ, ಅಲ್ಲೇ ಕೆಲಸ ನಿಲ್ಲಿಸಿ. ಈ ಮಾತನ್ನೇ ನಂಬಿಕೊಂಡ ಒಂದು ವರ್ಕ್‌ಶಾಪ್ ನಮ್ಮ ಲಾರಿಯ ಗೇರ್‌ಬಾಕ್ಸ್ ಹಾಳು ಮಾಡಿತು. ಹೆಸರು ಹೇಳುವುದಿಲ್ಲ. ಇಂಥ ವರ್ಕ್‌ಶಾಪ್ ಒಂದೇ ಇಲ್ಲ.

ನಮ್ಮ ಲಾರಿಯ ಮ್ಯಾನ್ಯುಯಲ್‌ನಲ್ಲಿ ವಿಷಯ ಸ್ಪಷ್ಟವಾಗಿದೆ. ಗೇರ್‌ಬಾಕ್ಸ್‌ಗೆ ಎಪಿಐ ಜಿಎಲ್-4, ಹಿಂದಿನ ಡಿಫರೆನ್ಷಿಯಲ್‌ಗೆ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳಿಗೆ) ಎಪಿಐ ಜಿಎಲ್-5. ಎಪಿಐ ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಜಿಎಲ್ ಅನ್ನುವುದು ಗೇರ್ ಆಯಿಲ್‌ಗೆ ಅದರ ದರ್ಜೆ. ಎರಡಕ್ಕೂ ದಪ್ಪ 80ಡಬ್ಲ್ಯೂ-90. ಕೆಲಸದ ಚೀಟಿಯಲ್ಲೂ ಹಾಗೇ ಬರೆಸಿದ್ದೆ. ಆದರೆ ಅವರ ಹತ್ತಿರ ಇದ್ದದ್ದು ಒಂದೇ ಬ್ಯಾರಲ್, ಅದೂ ಜಿಎಲ್-5. ಅದನ್ನೇ ಎರಡಕ್ಕೂ ಸುರಿದರು. ಬಿಲ್‌ನಲ್ಲಿ ಬರೀ "ಗೇರ್ ಆಯಿಲ್ 80ಡಬ್ಲ್ಯೂ-90" ಅಂತ ಬರೆದುಕೊಟ್ಟರು.

ಮೊದಮೊದಲು ಏನೂ ಗೊತ್ತಾಗಲಿಲ್ಲ. ಈ ತೊಂದರೆಯ ಕೆಟ್ಟ ಗುಣ ಇದೇ, ತಕ್ಷಣ ಕಾಣುವುದಿಲ್ಲ. ಆಮೇಲೆ ಒಂದು ದಿನ ಡ್ರೈವರ್ ಹೇಳಿದ: "ಸಾರ್, ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಅನ್ನುತ್ತೆ. ಡಬಲ್ ಕ್ಲಚ್ ಮಾಡಿದರೆ ಮಾತ್ರ ಸುಮ್ಮನೆ ಬೀಳುತ್ತೆ." ಡಬಲ್ ಕ್ಲಚ್ ಮಾಡಿದಾಗ ಸರಿಹೋಗುತ್ತದೆ ಅಂದರೆ ಸಿಂಕ್ರೋ (ಗೇರ್ ಬೀಳುವ ಮೊದಲು ಎರಡೂ ಕಡೆಯ ವೇಗ ಒಂದು ಮಾಡುವ ಭಾಗ) ತನ್ನ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಅದೇ ವರ್ಕ್‌ಶಾಪ್‌ಗೆ ತೆಗೆದುಕೊಂಡು ಹೋದೆ. ಅವರು ಕ್ಲಚ್ ಪ್ಲೇಟ್ ಸವೆದಿದೆ ಅಂದರು. ಕ್ಲಚ್ ಹೊಸದಾಗಿ ಬಂತು, ಕರ್ರ್ ಶಬ್ದ ಹಾಗೇ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಎರಡನೇ ಸಲ ಹೋದಾಗ ಹೊಸ ಉಪಾಯ ಹೇಳಿದರು. "ಆಯಿಲ್ ತೆಳುವಾಯಿತು, 85ಡಬ್ಲ್ಯೂ-140 ಹಾಕೋಣ, ಸದ್ದು ಅಡಗುತ್ತೆ." ಇದಕ್ಕೆ ನಾನು ಒಪ್ಪಲಿಲ್ಲ. ಸದ್ದು ಅಡಗಬಹುದು, ನಿಜ. ಆದರೆ ಸಿಂಕ್ರೋದ ಹಿತ್ತಾಳೆ ರಿಂಗ್ ಮತ್ತು ಅದು ಒತ್ತಿ ಹಿಡಿಯುವ ಗೇರಿನ ಕೋನ್ ನಡುವಿನಿಂದ ದಪ್ಪ ಎಣ್ಣೆ ಬೇಗ ಜಾರಿ ಹೋಗುವುದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಗೇರ್ ಬೀಳುವುದು ಇನ್ನೂ ಕಷ್ಟವಾಗುತ್ತದೆ. ಸದ್ದು ಮುಚ್ಚುವುದಕ್ಕೆ ದಪ್ಪ ಎಣ್ಣೆ ಸುರಿಯುವ ಮೆಕ್ಯಾನಿಕ್ ರಿಪೇರಿ ಮಾಡುತ್ತಿಲ್ಲ, ದಿನ ತಳ್ಳುತ್ತಿದ್ದಾನೆ ಅಷ್ಟೇ.

ಅಲ್ಲಿಂದ ಲಾರಿ ಬಿಡಿಸಿಕೊಂಡು ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗೇರ್‌ಬಾಕ್ಸ್ ಬಿಚ್ಚುವ ಮಾತೇ ಎತ್ತಲಿಲ್ಲ. ಮೊದಲು ಹಳೇ ಬಿಲ್ ಕೇಳಿದರು. ಆಮೇಲೆ ಬಿಸಿ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದರು. ಎಣ್ಣೆಯೊಳಗೆ ಚಿನ್ನದ ಬಣ್ಣದ ಸಣ್ಣ ಮಿನುಗು. ಡ್ರೇನ್ ಪ್ಲಗ್‌ನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿತ್ತು. ಅದು ಮಾಮೂಲಿ, ಕಬ್ಬಿಣದ ಸಹಜ ಸವೆತ. ಆಯಸ್ಕಾಂತಕ್ಕೆ ಅಂಟದೆ ಎಣ್ಣೆಯಲ್ಲೇ ತೇಲುವ ಆ ಹಳದಿ ಮಿನುಗು ಇದೆಯಲ್ಲ, ಅದು ಹಿತ್ತಾಳೆ. ಅಂದರೆ ಸಿಂಕ್ರೋ ರಿಂಗ್ ಎಣ್ಣೆಯೊಳಗೆ ಬಂದು ಸೇರುತ್ತಿತ್ತು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ಯಾರೂ ನಿಮ್ಮನ್ನು ಯಾಮಾರಿಸಲಾರರು.

ಡಿಫರೆನ್ಷಿಯಲ್ ಹೈಪಾಯ್ಡ್ ಮಾದರಿಯದಾಗಿದ್ದರೆ ಪಿನಿಯನ್ (ತಿರುಗಿಸುವ ಸಣ್ಣ ಗೇರ್) ಕ್ರೌನ್ ವೀಲ್‌ನ (ದೊಡ್ಡ ಗೇರಿನ) ನಡುಮಧ್ಯಕ್ಕೆ ಕೂರುವುದಿಲ್ಲ, ಸ್ವಲ್ಪ ಸರಿದಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಉಜ್ಜುತ್ತವೆ. ಮೇಲೆ ಪೂರ್ತಿ ಲೋಡಿನ ಒತ್ತಡ. ಬರೀ ಎಣ್ಣೆಯ ಪದರ ಅಲ್ಲಿ ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಅದಕ್ಕೇ ಗಂಧಕ ಮತ್ತು ರಂಜಕ ಇರುವ ಇಪಿ (ಅತಿ ಒತ್ತಡ ತಡೆಯುವ) ಅಡಿಟಿವ್ ಬೆರೆಸುತ್ತಾರೆ. ಬಿಸಿ ಏರಿದಾಗ ಅದು ಉಕ್ಕಿನ ಮೈಮೇಲೆ ರಾಸಾಯನಿಕ ಪದರ ಕಟ್ಟಿ ಹಲ್ಲುಗಳನ್ನು ಕಾಪಾಡುತ್ತದೆ. ಜಿಎಲ್-5ರಲ್ಲಿ ಈ ಅಡಿಟಿವ್ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ.

ಉಕ್ಕಿಗೆ ಇದು ರಕ್ಷಣೆ. ಹಿತ್ತಾಳೆಯ ಕಥೆ ಬೇರೆ. ಹಿತ್ತಾಳೆಯಲ್ಲಿರುವ ತಾಮ್ರಕ್ಕೂ ಗಂಧಕಕ್ಕೂ ಬಿಸಿಯಲ್ಲಿ ಆಗಿಬರುವುದಿಲ್ಲ. ತಾಮ್ರ ಕಪ್ಪಾಗುತ್ತದೆ, ಮೇಲ್ಮೈ ತಿಂದು ಹೋಗುತ್ತದೆ. ಇದು ಒಂದು ಏಟು. ಇನ್ನೊಂದು ಏಟು ಹಿಡಿತದ್ದು. ಗೇರ್ ಬದಲಿಸುವಾಗ ಸಿಂಕ್ರೋ ರಿಂಗ್ ಕೋನ್ ಮೇಲೆ ಒತ್ತಿ ಉಜ್ಜಬೇಕು, ಆಗಲೇ ಎರಡರ ವೇಗ ಒಂದಾಗುವುದು. ಅಲ್ಲಿ ಜಾರಬಾರದು, ಹಿಡಿಯಬೇಕು. ಆ ಜಾಗಕ್ಕೆ ಜಾರಿಸುವುದಕ್ಕೇ ಮಾಡಿದ ಎಣ್ಣೆ ಸುರಿದರೆ ರಿಂಗ್ ಹಿಡಿಯುವುದಾದರೂ ಹೇಗೆ?

ಹಾಗಂತ ಜಿಎಲ್-5 ಕೆಟ್ಟದ್ದಲ್ಲ. ಹೈಪಾಯ್ಡ್ ಹೌಸಿಂಗ್‌ಗೆ ಅದೇ ಬೇಕು. ಅಲ್ಲಿ ಜಿಎಲ್-4 ಹಾಕಿದರೆ ಕ್ರೌನ್ ಪಿನಿಯನ್ ಹಲ್ಲು ಕೆತ್ತಿ ಹೋಗುತ್ತದೆ, ಅದು ಇನ್ನೂ ದೊಡ್ಡ ನಷ್ಟ. ಹಳದಿ ಲೋಹಕ್ಕೆ ತೊಂದರೆ ಕೊಡದ ಹಾಗೆ ತಯಾರಿಸಿದ ಜಿಎಲ್-5 ಎಣ್ಣೆಗಳೂ ಇವೆ. ಎಲ್ಲ ಲಾರಿಗಳಲ್ಲೂ ಹಿತ್ತಾಳೆ ರಿಂಗ್ ಇರುವುದಿಲ್ಲ, ಮಾಲಿಬ್ಡಿನಮ್ ಅಥವಾ ಕಾರ್ಬನ್ ಲೇಪ ಇರುವ ರಿಂಗ್‌ಗಳೂ ಬಂದಿವೆ. ಸಿಂಕ್ರೋ ಇಲ್ಲದ ಭಾರೀ ಗೇರ್‌ಬಾಕ್ಸ್‌ಗಳಿಗೆ ಎಂಟಿ-1 ಅಂತ ಬೇರೆಯೇ ದರ್ಜೆ ಇದೆ. ಜೆಡ್‌ಎಫ್‌ನಂಥ ಗೇರ್‌ಬಾಕ್ಸ್ ತಯಾರಕರು ತಮ್ಮದೇ ಎಣ್ಣೆ ಪಟ್ಟಿ ಕೊಡುತ್ತಾರೆ, ಅದರಲ್ಲಿ ಟಿಇ-ಎಂಎಲ್ 02 ಇತ್ಯಾದಿ ಸಂಖ್ಯೆ ಇರುತ್ತದೆ. ಹಾಗಾಗಿ ಪಕ್ಕದ ಲಾರಿಗೆ ಏನು ಹಾಕಿದರು ಅಂತ ಕೇಳಿ ಪ್ರಯೋಜನವಿಲ್ಲ. ನಿಮ್ಮ ಗೇರ್‌ಬಾಕ್ಸ್‌ನ ಮೈಮೇಲಿರುವ ಪ್ಲೇಟ್ ನೋಡಿ, ಮ್ಯಾನ್ಯುಯಲ್ ನೋಡಿ.

ಮೊದಲ ವರ್ಕ್‌ಶಾಪ್‌ನವರನ್ನು ಕೇಳಿದಾಗ ಬಂದ ಉತ್ತರ ಕೇಳಿ: "ನಾಲ್ಕಕ್ಕಿಂತ ಐದು ದೊಡ್ಡದಲ್ವಾ? ನಿಮಗೆ ಒಳ್ಳೇದನ್ನೇ ಹಾಕಿದ್ದೀವಿ." ಸುಳ್ಳು ಹೇಳುತ್ತಿದ್ದರು ಅಂತ ನನಗೆ ಅನ್ನಿಸಲಿಲ್ಲ. ಹಾಗೇ ನಂಬಿಕೊಂಡಿದ್ದರು. ಅದೇ ಭಯ ಹುಟ್ಟಿಸುವ ವಿಷಯ.

ಈ ನಂಬಿಕೆ ಎಲ್ಲಿಂದ ಬಂತು ಅಂತ ಊಹಿಸಬಹುದು. ಡೀಸೆಲ್ ಎಂಜಿನ್ ಆಯಿಲ್‌ನಲ್ಲಿ ಅದು ಬಹುಮಟ್ಟಿಗೆ ನಿಜ. 2002ರಲ್ಲಿ ಸಿಐ-4 ಅನ್ನುವ ಎಪಿಐ ದರ್ಜೆ ಬಂತು, 2006ರಲ್ಲಿ ಸಿಜೆ-4, 2016ರ ಕೊನೆಗೆ ಸಿಕೆ-4. ಹಳೇದು ಕೇಳುವ ಎಂಜಿನ್‌ಗೆ ಸಾಮಾನ್ಯವಾಗಿ ಹೊಸದನ್ನು ಹಾಕಬಹುದು. ಆದರೆ ಸಿಕೆ-4 ಜೊತೆಗೇ ಬಂದ ಎಫ್‌ಎ-4 ನೋಡಿ. ಅದೂ ಹೊಸದೇ, ಆದರೆ ತೆಳು ಎಣ್ಣೆ. ಅದಕ್ಕೆಂದೇ ಮಾಡಿದ ಎಂಜಿನ್‌ಗಳಿಗೆ ಮಾತ್ರ. ಹಳೇ ಎಂಜಿನ್‌ಗೆ ಸುಮ್ನೆ ಸುರಿಯುವಂತಿಲ್ಲ. ಗೇರ್ ಆಯಿಲ್‌ನಲ್ಲಂತೂ ಜಿಎಲ್ ಮುಂದಿನ ಅಂಕಿ ಮೆಟ್ಟಿಲೇ ಅಲ್ಲ. ಯಾವ ಕೆಲಸಕ್ಕೆ ಅನ್ನುವ ಗುರುತು ಅದು.

ದಪ್ಪದ ಅಂಕಿಯಲ್ಲೂ ಇದೇ ಗೊಂದಲ. 90 ಅಂದಾಕ್ಷಣ ಎಂಜಿನ್‌ನ 40ಕ್ಕಿಂತ ಎರಡು ಪಟ್ಟು ದಪ್ಪ ಅಂದುಕೊಳ್ಳುವವರು ಜಾಸ್ತಿ. ಎರಡರ ಅಳತೆಗೋಲೇ ಬೇರೆ. 100 ಡಿಗ್ರಿ ಬಿಸಿಯಲ್ಲಿ ಗೇರ್ ಆಯಿಲ್‌ನ 90, ಎಂಜಿನ್ ಆಯಿಲ್‌ನ 40ರಿಂದ 50ರ ಆಸುಪಾಸಿನಲ್ಲೇ ಇರುತ್ತದೆ.

ಈ ಗಲಾಟೆಯಾದ ಮೇಲೆ ಅದೇ ವರ್ಕ್‌ಶಾಪ್‌ನ ಹಳೇ ಎಂಜಿನ್ ಆಯಿಲ್ ಬಿಲ್‌ಗಳನ್ನೂ ತೆಗೆದು ನೋಡಿದೆ. ಅಲ್ಲೂ ಬರೀ "15ಡಬ್ಲ್ಯೂ-40". ಅವರ ಬ್ಯಾರಲ್ ಮೇಲೆ ಇದ್ದದ್ದು ಸಿಐ-4. ನಮ್ಮ ಲಾರಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆ, ಕಂಪನಿ ಕೇಳುವುದು ಸಿಕೆ-4. ವ್ಯತ್ಯಾಸ ಇರುವುದು ಬೂದಿಯಲ್ಲಿ. ಎಂಜಿನ್ ಸುಡುವ ಅಲ್ಪಸ್ವಲ್ಪ ಎಣ್ಣೆಯ ಅಡಿಟಿವ್‌ನಲ್ಲಿ ಲೋಹ ಇರುತ್ತದೆ. ಅದು ಬೂದಿಯಾಗಿ ಫಿಲ್ಟರ್‌ನಲ್ಲಿ ಕೂರುತ್ತದೆ. ಮಸಿಯಾದರೆ ರೀಜನರೇಷನ್‌ನಲ್ಲಿ (ಫಿಲ್ಟರ್ ಬಿಸಿಯೇರಿ ಶುಚಿಯಾಗುವಾಗ) ಸುಟ್ಟು ಹೋಗುತ್ತದೆ, ಬೂದಿ ಸುಡುವುದಿಲ್ಲ. ಸಿಜೆ-4 ಮತ್ತು ಸಿಕೆ-4ರಲ್ಲಿ ಸಲ್ಫೇಟೆಡ್ ಬೂದಿ ಶೇಕಡಾ 1ರೊಳಗೆ ಇರಬೇಕು ಅಂತ ಮಿತಿ ಇಟ್ಟದ್ದು ಇದಕ್ಕೇ. ನಮ್ಮ ಲಾರಿಯಲ್ಲಿ ರೀಜನರೇಷನ್ ಮೊದಲಿಗಿಂತ ಬೇಗಬೇಗ ಬರುತ್ತಿತ್ತು. ಎಣ್ಣೆಯಿಂದಲೇ ಅಂತ ಆಣೆ ಮಾಡಿ ಹೇಳಲಾರೆ, ಇಂಜೆಕ್ಟರ್ ತೊಂದರೆಯಿದ್ದರೂ ಹಾಗಾಗುತ್ತದೆ. ಆ ಎಣ್ಣೆಯನ್ನಂತೂ ಆವತ್ತೇ ಇಳಿಸಿದೆ.

ಗೇರ್‌ಬಾಕ್ಸ್ ಕೊನೆಗೂ ಕೆಳಗಿಳಿಯಿತು. ಎರಡು ಮತ್ತು ಮೂರನೇ ಗೇರಿನ ರಿಂಗ್‌ಗಳು ಸವೆದು ಕೋನ್ ಮೇಲೆ ತೀರಾ ಒಳಗೆ ಹೋಗಿದ್ದವು. ಕರ್ರ್ ಅನ್ನಿಸಿಕೊಂಡೇ ಓಡಿಸಿದ್ದರಿಂದ ಗೇರಿನ ಹಲ್ಲಿನ ತುದಿಗಳೂ ಉರುಟಾಗಿದ್ದವು. ಬೇರಿಂಗ್‌ಗಳು ಚೆನ್ನಾಗಿದ್ದವು. ಮೊದಲ ವರ್ಕ್‌ಶಾಪ್‌ನವರು ಒಂದು ರೂಪಾಯಿಯನ್ನೂ ಹೊರಲಿಲ್ಲ. "ನಮ್ಮ ಎಣ್ಣೆ ಅಂತ ಏನು ಸಾಕ್ಷಿ?" ಅಂದರು. ಬಿಲ್‌ನಲ್ಲಿ ದರ್ಜೆ ಬರೆಯದೇ ಇದ್ದದ್ದರ ಲಾಭ ಆಗ ಅರ್ಥವಾಯಿತು.

ಈಗ ನಾನು ಬಿಲ್‌ನಲ್ಲಿ ಎಣ್ಣೆಯ ಬ್ರ್ಯಾಂಡ್, ದಪ್ಪ, ಎಪಿಐ ದರ್ಜೆ ಮೂರೂ ಬರೆಸದೆ ಹಣ ಕೊಡುವುದಿಲ್ಲ. ಸೀಲ್ ಇರುವ ಡಬ್ಬ ಎದುರಿಗೇ ಒಡೆಯಬೇಕು, ಡಬ್ಬದ ಫೋಟೋ ಬ್ಯಾಚ್ ನಂಬರ್ ಸಮೇತ ಫೋನಿನಲ್ಲಿ ಇರಬೇಕು. ತೆರೆದ ಬ್ಯಾರಲ್‌ನಿಂದ ಜಗ್‌ನಲ್ಲಿ ತಂದ ಎಣ್ಣೆ ಬೇಡ, ಅದು ಟಾಪ್‌ಅಪ್‌ಗಾದರೂ ಸರಿ. ಕೆಲವರಿಗೆ ಇದು ಅತಿ ಅನ್ನಿಸುತ್ತದೆ. ಅನ್ನಿಸಲಿ.

ನಿಮ್ಮ ಲಾರಿಗೂ ತಪ್ಪು ಎಣ್ಣೆ ಬಿದ್ದಿದೆ ಅನ್ನುವ ಅನುಮಾನ ಇದ್ದರೆ ಶಬ್ದ ಬರುವವರೆಗೆ ಕಾಯಬೇಡಿ. ಬಿಸಿ ಮತ್ತು ಸಮಯ ಎರಡೂ ಸೇರಿದಾಗಲೇ ಹಿತ್ತಾಳೆ ತಿಂದು ಹೋಗುವುದು. ಬೇಗ ಇಳಿಸಿದರೆ ಗೇರ್‌ಬಾಕ್ಸ್ ಬಿಚ್ಚದೇ ಪಾರಾಗಬಹುದು. ಸ್ವಲ್ಪ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಇಳಿಸಿ. ಡೀಸೆಲ್ ಹಾಕಿ ತೊಳೆಯಲು ಬಿಡಬೇಡಿ, ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಇಳಿಸಿದ ಎಣ್ಣೆಯನ್ನು ಸ್ವಚ್ಛವಾದ ಸಣ್ಣ ಬಾಟಲಿಯಲ್ಲಿ ತೆಗೆದಿಟ್ಟು ಲ್ಯಾಬ್‌ಗೆ ಕೊಡಿ. ವರದಿಯಲ್ಲಿ ತಾಮ್ರದ ಸಾಲು ನೋಡಿ, ಗಂಧಕ ಮತ್ತು ರಂಜಕದ ಸಾಲನ್ನೂ ನೋಡಿ. ಯಾವ ಎಣ್ಣೆ ಬಿದ್ದಿತ್ತು ಅನ್ನುವ ಜಗಳಕ್ಕೆ ಆ ಕಾಗದ ಬೇಕಾಗುತ್ತದೆ.