ಮಿನಾಕ್ಸಿಡಿಲ್ ಹಚ್ಚುವುದೋ, ಫಿನಾಸ್ಟರೈಡ್ ನುಂಗುವುದೋ?

ಗಂಡಸರ ಕೂದಲು ಉದುರುವುದಕ್ಕೆ ಶಿವಮೊಗ್ಗದ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ 5% ಮಿನಾಕ್ಸಿಡಿಲ್ ದ್ರಾವಣ ಒಳ್ಳೆಯದೇ, ಆದರೆ ಮಲೆನಾಡಿನ ಮಳೆಗಾಲ ಅದಕ್ಕೆ ಆಗಿಬರುವುದಿಲ್ಲ. ದಿನಕ್ಕೆ 2 ಸಲ 1 ಮಿ.ಲೀ.; ಕೂದಲಿಗಲ್ಲ, ಒಣಗಿದ ನೆತ್ತಿಯ ಚರ್ಮಕ್ಕೇ ತಾಗಬೇಕು. ಆಮೇಲೆ 4 ಗಂಟೆ ತಲೆ ನೆನೆಯಬಾರದು. ಆಗುಂಬೆ, ತೀರ್ಥಹಳ್ಳಿ ಕಡೆ ಜಡಿಮಳೆಯಲ್ಲಿ ಬೈಕ್ ಓಡಿಸುವವರಿಗೆ ಇದೇ ದೊಡ್ಡ ತೊಡಕು. ರಾತ್ರಿಯದನ್ನು ಮಲಗುವ 2 ಗಂಟೆ ಮೊದಲೇ ಹಚ್ಚಿ, ಇಲ್ಲವಾದರೆ ಔಷಧಿಯೆಲ್ಲ ದಿಂಬಿಗೆ. ಕೊಬ್ಬರಿ ಎಣ್ಣೆಯ ಮೇಲೆ ಹಚ್ಚುವುದಂತೂ ದುಡ್ಡು ದಂಡ. ತುರಿಕೆಗೆ ಹೆಚ್ಚಾಗಿ ಕಾರಣ ದ್ರಾವಣದಲ್ಲಿ ಬೆರೆಸಿರುವ ಪ್ರೊಪಿಲೀನ್ ಗ್ಲೈಕಾಲ್. ಅದಿಲ್ಲದ ಫೋಮ್ (ನೊರೆ ರೂಪದ ಮಿನಾಕ್ಸಿಡಿಲ್) ಕೇಳಿ. ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು, ಹೆದರಿ ಬಿಡಬೇಡಿ. ಫಲ ಕಾಣಲು 4ರಿಂದ 6 ತಿಂಗಳು ಬೇಕು.

1 ಮಿ.ಗ್ರಾಂ. ಫಿನಾಸ್ಟರೈಡ್ ಮಾತ್ರೆಗೆ ಮಳೆಯ ಹಂಗಿಲ್ಲ. ಕೂದಲಿನ ಬುಡವನ್ನು ಸೊರಗಿಸುವ ಡಿಎಚ್‌ಟಿ ಹಾರ್ಮೋನನ್ನೇ ತಗ್ಗಿಸುವುದರಿಂದ ಇರುವ ಕೂದಲು ಉಳಿಸಿಕೊಳ್ಳಲು ಅದೇ ಮೇಲು. ಆದರೆ ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತದೆ. ಚರ್ಮವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಪುಡಿಯಾದ ಮಾತ್ರೆಯನ್ನು ಬಸುರಿಯರು ಮುಟ್ಟಬಾರದು.